ಅಂಗಳದಲ್ಲಿ ಉಳಿದ ಉಪ್ಪು

ಮಲಪ್ರಭೆಯ ದಡದಲ್ಲಿ ನಿರ್ವಾಣಪ್ಪನವರ ಆಶ್ರಮ. ಶಿಷ್ಯ ಒಬ್ಬನೇ, ಭರಮಣ್ಣ. ಬಾಯಿ ಮಾತ್ರ ಹತ್ತು ಮಂದಿಯದು.

ಗುರುಗಳಿಗೆ ಬಿ.ಪಿ. ಏರಿತ್ತು. ಉಪ್ಪು ಕಮ್ಮಿ ಮಾಡಿ ಎಂದರು ಡಾಕ್ಟರು.

“ಕಮ್ಮಿ ಯಾಕ್ರಿ ಅಪ್ಪಾರ? ಪೂರಾ ಬಂದ್! ಈ ಭರಮಣ್ಣ ಅರ್ಧಾ ಕೆಲಸ ಮಾಡಾವಲ್ಲ.”

ಅಂದಿನಿಂದ ಸಪ್ಪೆ ಅಂಬಲಿ, ಮೇಲೆ ತಂಬಿಗೆಗಟ್ಟಲೆ ನೀರು. ಗುರುಗಳು ಸುಮ್ಮನೆ ಉಂಡರು, ಸುಮ್ಮನೆ ಕುಡಿದರು.

ಒಂದು ಮುಂಜಾನೆ ಹೊಳೆಯ ಮೆಟ್ಟಿಲ ಮೇಲೆ ಕುಸಿದರು.

ಡಾಕ್ಟರು ಸಲೈನ್ ಏರಿಸಿದರು. “ರಕ್ತದಾಗ ಉಪ್ಪ ಉಳಿದಿಲ್ಲಲೇ!” ಎಂದು ಭರಮಣ್ಣನಿಗೆ ಬೈದು ಹೋದರು.

ಗುರುಗಳು ಚೇತರಿಸಿಕೊಳ್ಳುವಷ್ಟರಲ್ಲಿ ಮಹಾನವಮಿ ಬಂತು. ಭರಮಣ್ಣ ಸಾಮಾನೆಲ್ಲ ಅಂಗಳಕ್ಕೆ ಹೊತ್ತು ಹಾಕಿ, ಗುಡಿಸಿ, ಸಾರಿಸಿ, ಮತ್ತೆ ಒಳಗೆ ಜೋಡಿಸಿದ. ಉಪ್ಪಿನ ಗಡಿಗೆಯನ್ನು ಒಳಗೊಯ್ಯಲು ಮಾತ್ರ ಕೈ ಬರಲಿಲ್ಲ; ಅದು ಅಂಗಳದಲ್ಲೇ ಉಳಿಯಿತು. ತನ್ನ ಹಾಸಿಗೆ ಸುತ್ತಿ ಅದರ ಪಕ್ಕದಲ್ಲೇ ಕೂತ.

“ಯಾಕೋ ತಮ್ಮಾ?” ಗುರುಗಳು ಕಟ್ಟೆಯ ಮೇಲಿಂದ ಕೇಳಿದರು.

“ನಾ ಊರಿಗೆ ಹೋಗ್ತೀನ್ರಿ. ನಿಮ್ಮ ಜೀವಾನ ತಗೀತಿದ್ದೆ.”

“ಹೋಗೀಯಂತ. ಮೊದಲ ಹೇಳು, ಮೂತ್ರಪಿಂಡದಾಗ ನೆಫ್ರಾನ್ ಅಂತಾವಲ್ಲ, ಏನ ಮಾಡ್ತಾವ ಅವು?”

ಅಳುವ ದನಿಯಲ್ಲೂ ಜಂಬ ಇಣುಕಿತು. “ನನಗ ಅಷ್ಟೂ ಗೊತ್ತಿಲ್ಲೇನ್ರಿ? ಲಕ್ಷಗಟ್ಟಲೆ ಸಣ್ಣ ಜರಡಿ. ಹೊಲಸು ಹುಡುಕಿ ಹೊರಗ ಒಗೀತಾವ.”

“ನೀ ಈಗ ಕಸಾ ಹುಡುಕಿ ಒಗದಿಯೇನು?”

“ಕತ್ತಲ ಮೂಲ್ಯಾಗ ಯಾರ ಹುಡುಕ್ತಾರ್ರಿ? ಎಲ್ಲಾ ಅಂಗಳಕ್ಕ ತಂದೆ. ಬೇಕಾದ್ದು ಒಳಗ ಒಯ್ದೆ.”

“ಅವೂ ಹಂಗ. ರಕ್ತದಾಗಿನ ನೀರು, ಉಪ್ಪು, ಹೊಲಸು, ಎಲ್ಲಾ ಸೋಸಿ ಹೊರಗ ಬಿಡ್ತಾವ. ಆಮ್ಯಾಲ ಬೇಕಾದಷ್ಟ ತಿರುಗಿ ಕರಕೋತಾವ. ಉಪ್ಪು ಒಳಗ ಬಂದರ ಅದರ ಬೆನ್ನ ಹತ್ತಿ ನೀರೂ ಬರತೈತಿ. ನೀರು ಹೆಚ್ಚಾದರ ಒತ್ತಡ ಏರತೈತಿ, ಕಮ್ಮಿ ಆದರ ಇಳೀತೈತಿ. ಏರಿದಾಗ ಒಂದೀಟು ಉಪ್ಪು ಬಿಟ್ಟ ಕೊಡ್ತಾವ, ಇಳಿದಾಗ ಹಿಡಕೋತಾವ. ಪೂರಾ ಬಂದ್ ಅನ್ನೂದು ಅವಕ್ಕ ಗೊತ್ತಿಲ್ಲ.”

ಭರಮಣ್ಣ ಕಣ್ಣೊರೆಸಿಕೊಂಡ. “ದಿನಾ ಹೊರಗ ಹಾಕೂದು, ದಿನಾ ಒಳಗ ಕರಕೊಳ್ಳೂದು. ಬ್ಯಾಸರ ಬರೂದಿಲ್ಲೇನ್ರಿ ಅವಕ್ಕ?”

“ನಿನ್ನ ಕೂಡ ನನಗ ಬಂದೈತೇನು?”

ಭರಮಣ್ಣ ಉಪ್ಪಿನ ಗಡಿಗೆಯತ್ತ ನೋಡಿದ. ಹಾಗೇ ಕೇಳಿದ: “ಆ ಸಪ್ಪನ್ ಅಂಬಲಿ ಯಾಕ ಉಂಡ್ರಿ ಅಪ್ಪಾರ? ಬ್ಯಾಡ ಅನ್ನಬೇಕಿಲ್ಲೋ?”

“ಅಷ್ಟ ಅಕ್ಕರತಿಲೆ ಬಡಸ್ತಿದ್ದಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ನಂದೂ ತಪ್ಪ.”

ಗುರುಗಳು ಗೋಡೆ ಹಿಡಿದು ಅಂಗಳಕ್ಕಿಳಿದರು. ಹಾಸಿಗೆಯ ಸುರುಳಿ ಎತ್ತಿ ಬಗಲಲ್ಲಿಟ್ಟುಕೊಂಡು ಒಳಗೆ ಹೊರಟರು.

“ಅಪ್ಪಾರ, ಅದು ನಂದ್ರಿ!”

“ಗೊತ್ತೈತಿ. ಉಪ್ಪಿನ ಗಡಿಗಿ ನೀ ತಾ.”