ಕೆಂಚನ ಬಾಲ

ನಂಬದವರು ಈಗಲೇ ಎದ್ದು ಹೋಗಿ, ತಡೆಯುವವರಿಲ್ಲ. ನಮ್ಮೂರ ಹುಂಜ ಕೆಂಚನಿಗಿದ್ದಂಥ ಬಾಲ ಸುತ್ತಲಿನ ಯಾವ ಊರಲ್ಲೂ ಇರಲಿಲ್ಲ. ಆ ಬಾಲ ಕುಣಿಸುತ್ತಲೇ ಅವನು ಬಣವೆಯ ಇಲಿಮರಿಗಳಿಗೆ, "ಚಿತ್ರದ ಪುಸ್ತಕ ತಂದೇ ತರ್ತೀನಿ" ಎಂದು ಮಾತು ಕೊಟ್ಟ. ನೇರ ಹೋಗಿ ಪಾಳು ವಾಚನಾಲಯದ ಯಜಮಾನ, ನವಿಲು ನವಿಲಪ್ಪನ ಮುಂದೆ ನಿಂತ.

"ಇಲಿಗಳಿಗೆ ಪುಸ್ತಕವೇ? ಓದ್ತಾವೋ, ಊಟ ಮಾಡ್ತಾವೋ?" ನವಿಲಪ್ಪ ನಕ್ಕ.

"ಕೊಟ್ಟು ನೋಡಿ ಸ್ವಾಮಿ. ನಿಮ್ಮಲ್ಲಿ ಸುಮ್ಮನೆ ಗೆದ್ದಲು ಹಿಡೀತಿವೆ."

"ಕೊಡೋಣ. ಊರೆಲ್ಲ ಸೇರಲಿ. ಮರಿಗಳು ಸಾಲಾಗಿ ನಿಂತು ನನಗೆ ಕೈಮುಗಿದು ಜೈಕಾರ ಹಾಕಲಿ."

"ಆ ಕೈಗಳಿರೋದು ಪುಟ ತಿರುಗಿಸೋಕೆ, ನಿಮಗೆ ಮುಗಿಯೋಕಲ್ಲ. ಏನು ಬೇಕೋ ನನ್ನ ಹತ್ರ ಕೇಳಿ!"

"ಹಾಗಾದರೆ ನಿನ್ನ ಬಾಲ ಕಿತ್ತುಕೊಡು."

ಹುಂಜ ಹೆದರಿ ಓಡುತ್ತಾನೆಂದೇ ನವಿಲಪ್ಪ ಎಣಿಸಿದ್ದ. ಕೆಂಚ ಬೆನ್ನು ತಿರುಗಿಸಿ ನಿಂತ. "ಕೀಳಿ. ಮಾತು ತಪ್ಪಿದ್ರೆ ಮಾತ್ರ ನಿಮ್ಮದೂ ಉಳಿಯಲ್ಲ!"

ಆಮೇಲೆ ಪುಸ್ತಕದ ಕಟ್ಟು ಎಳೆದುಕೊಂಡು, ಎದೆಯುಬ್ಬಿಸಿ ನಡುಬೀದಿಯಲ್ಲೇ ಬಂದ. ನಾಯಿಗಳು ಬಿದ್ದು ಬಿದ್ದು ನಕ್ಕವು. "ಏನೋ ಕೆಂಚ, ಬಾಲ ಎಲ್ಲೋ?"

"ಪುಸ್ತಕ ಆಯ್ತು ಕಣ್ರೋ!"

ಹಸಿದಿದ್ದರೂ ಇಲಿಮರಿಗಳು ಒಂದು ಪುಟದ ಅಂಚನ್ನೂ ಕಡಿಯಲಿಲ್ಲ. ಪುಟಗಳ ನಡುವೆ ಒಂದು ಕೆಂಪು ಗರಿ ಸಿಕ್ಕಿಕೊಂಡು ಬಂದಿತ್ತು. ಪುಸ್ತಕದೊಳಗಿಟ್ಟರೆ ಗರಿ ಮರಿ ಹಾಕುತ್ತದೆಂದು ಎಲ್ಲ ಮಕ್ಕಳಂತೆ ನಂಬಿದ ಕಿರಿಯ ಮರಿ, ಪುಟ ದಿನಾ ತೆರೆದು ನೋಡಿ ಸಾಕಾಗಿ, ಗರಿ ಹಿಡಿದು ಕೆಂಚನ ಬಳಿ ಬಂತು.

"ಮಾವ, ಇನ್ನೂ ಮರಿ ಹಾಕಿಲ್ಲ. ಇದನ್ನೇ ಇಟ್ಕೊಳ್ಳಿ."

ಕೆಂಚನಿಗೆ ಕೊನೆಗೆ ಸಿಕ್ಕಿದ್ದು ತನ್ನದೇ ಬಾಲದ ಒಂದು ಗರಿ.