ರೊಟ್ಟಿಮನೆಯ ಗಣಿತ

ಕೆಂಗಲ್ಲ ಮಠದ ಪೂಜ್ಯ ಚನ್ನವೃಷಭ ಶಿವಯೋಗಿಗಳನ್ನು ಕಾಣಬೇಕೆಂದರೆ ಗದ್ದುಗೆಯತ್ತ ಹೋಗಿ ಪ್ರಯೋಜನವಿರಲಿಲ್ಲ. ದಾಸೋಹದ ಅಡುಗೆಮನೆಯಲ್ಲಿ, ರೊಟ್ಟಿಯ ಒಲೆಗೆ ಕಟ್ಟಿಗೆ ನೂಕುತ್ತ ಶ್ರೀಗಳವರು ಕುಳಿತಿರುತ್ತಿದ್ದರು.

ಒಂದು ದಿನ ಗುಮಾಸ್ತ ಈರಬಸಪ್ಪನವರು ಮುಖ ಗಂಟಿಕ್ಕಿಕೊಂಡೇ ಅಲ್ಲಿಗೆ ಬಂದರು. ಹತ್ತನೇ ತರಗತಿಯಲ್ಲಿ ಇಡೀ ಜಿಲ್ಲೆಗೆ ಮೊದಲಿಗರಾಗಿದ್ದವರು; ನಲವತ್ತೆಂಟು ತುಂಬಿದರೂ ಅದೇ ಮೇಜು, ಅದೇ ಕುರ್ಚಿ. ಜೊತೆಗೆ ಓದಿ ಮೂರು ಸಲ ಫೇಲಾದ ಗೆಳೆಯ ಪಂಪಿನ ಕಾರ್ಖಾನೆ ಕಟ್ಟಿ ಊರೂರಲ್ಲಿ ಹಾರ ಹಾಕಿಸಿಕೊಳ್ಳುತ್ತಿದ್ದ. ಅದನ್ನು ಕಂಡು ಇವರ ಹೊಟ್ಟೆ ಉರಿಯುತ್ತಿತ್ತು. ಪಾಪ, ಉರಿಯದೆ ಇರುತ್ತದೆಯೇ?

"ಅಜ್ಜಾರ, ಮೊದಲನೇ ನಂಬರ್ ಬಂದು ನನಗೇನ್ ಸಿಕ್ತ್ರಿ? ಸುಮ್ನ ಕಣ್ಣು ಕೆಡಿಸ್ಕೊಂಡು ಓದಿದ್ನಿ."

"ಆಗ ಕಲಿತ ಗಣಿತ ಈಗೂ ಬರತೈತೇನಪಾ?"

"ಮರೆಯೂದು ಹೆಂಗ್ರಿ?"

ರೊಟ್ಟಿ ಬಡಿಯುತ್ತಿದ್ದ ಆರು ಮಂದಿ ತಾಯಂದಿರತ್ತ ಶ್ರೀಗಳವರು ಕೈ ತೋರಿದರು. "ಇವರಿಗೆ ಬರಂಗಿಲ್ಲ. ನಾಳಿಂದ ಇಲ್ಲೇ ಕೂತು ಕಲಿಸು."

ಆ ಆರೂ ಮಂದಿ ಹತ್ತನೆಯಲ್ಲಿ ಗಣಿತವೊಂದರಲ್ಲೇ ಫೇಲಾದವರು. ಅಂಗನವಾಡಿ ಕೆಲಸ ಸಿಗಬೇಕೆಂದರೆ ಪಾಸಾಗಲೇಬೇಕಿತ್ತು.

ಈರಬಸಪ್ಪನವರು ಮರುದಿನವೇ ಬಂದು ಗೋಡೆಯ ತುಂಬ ಸೂತ್ರ ಬರೆದರು, ಪಂಡಿತರ ಸಭೆಯೇನೋ ಎಂಬಂತೆ! ಯಾರೂ ತಲೆಯೆತ್ತಲಿಲ್ಲ. ಕಾಶವ್ವ ಎಂಬಾಕೆ ಮೆಲ್ಲಗೆ, "ಸರ್, ಕೈತುಂಬ ಹಿಟ್ಟೈತ್ರಿ. ಬರಕೊಳ್ಳೂದು ಹೆಂಗ? ಬಾಯಿಲೆ ಹೇಳ್ರಿ" ಎಂದಳು.

ಈರಬಸಪ್ಪನವರಿಗೆ ಮುಖಕ್ಕೆ ಹೊಡೆದಂತಾಯಿತು. ಹೊರಡಲನುವಾದರು. ಶ್ರೀಗಳವರು ತಡೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ಇನ್ನೊಂದು ಕಟ್ಟಿಗೆ ನೂಕಿದರು. ಈರಬಸಪ್ಪನವರು ಬಾಗಿಲ ತನಕ ಹೋದವರು ಆ ಹಿಟ್ಟಿನ ಕೈಗಳನ್ನು ನೋಡಿ ಹಿಂತಿರುಗಿದರು. ಸೀಮೆಸುಣ್ಣ ಕೆಳಗಿಟ್ಟು ಕುಳಿತರು.

ಅಂದಿನಿಂದ ರೊಟ್ಟಿಯ ಬಡಿತಕ್ಕೆ ಸರಿಯಾಗಿ ಮಗ್ಗಿ, ಭಿನ್ನರಾಶಿ, ಶೇಕಡಾ ಲೆಕ್ಕ ನಡೆದವು. ಪಂಕ್ತಿ ಮುಗಿದು ಕೈ ತೊಳೆದ ಮೇಲೆ ಬರವಣಿಗೆ. ಎಂಟು ತಿಂಗಳು ಅವರು ಒಂದು ದಿನವೂ ತಪ್ಪಿಸಲಿಲ್ಲ. ಗೆಳೆಯನ ಹಾರದ ಸುದ್ದಿಯನ್ನೂ ಎತ್ತಲಿಲ್ಲ.

ಫಲಿತಾಂಶ ಬಂದ ಮಧ್ಯಾಹ್ನ ಈರಬಸಪ್ಪನವರು ಸುಡುಬಿಸಿಲಲ್ಲಿ ಬರಿಗಾಲಲ್ಲೇ ಓಡಿ ಬಂದರು. "ಅಜ್ಜಾರ! ಆರಕ್ಕ ಆರೂ ಪಾಸ್ ರಿ! ಕಾಶವ್ವ ಮೂವತ್ತೈದು ತಗೊಂಡಾಳ್ರಿ, ಮೂವತ್ತೈದು!" ತಮ್ಮದೇ ಫಲಿತಾಂಶ ಬಂದ ದಿನವೂ ಅವರು ಹೀಗೆ ಕುಣಿದಿರಲಿಲ್ಲ. ಕಾಶವ್ವ ಹಿಟ್ಟಿನ ಕೈಯಲ್ಲೇ ಅವರ ಕಾಲಿಗೆರಗಿದಳು. ಈರಬಸಪ್ಪನವರು ನಾಚಿಕೆ ಬಿಟ್ಟು ಗಳಗಳನೆ ಅತ್ತರು.

ಪೂಜ್ಯರು ಒಲೆಯಿಂದ ಮುಖವೆತ್ತಿ ನಕ್ಕರು. "ಇಂಗ್ಲಿಷಿನ್ಯಾಗ ಫೇಲಾದವರು ಇನ್ನೂ ಒಂಬತ್ತು ಮಂದಿ ಅದಾರಪಾ."

ಈರಬಸಪ್ಪನವರು ಕಣ್ಣೊರೆಸಿಕೊಳ್ಳುವುದಕ್ಕೂ ಕಾಯಲಿಲ್ಲ. "ಎಲ್ಲಿ ಅದಾರ್ರಿ? ಕರೀರಿ ಅಜ್ಜಾರ, ಈಗ ಕರೀರಿ!"