ಅಂಬಲಿಯ ಪ್ರಾಯಶ್ಚಿತ್ತ

“ಗುರುಗಳೇ, ಈ ವರ್ಷದ ವಿಜಯೋತ್ಸವಕ್ಕೂ ಊರಿಗೆ ಊರೇ ಸೇರಿದೆ. ತೊಗಲು ಹದಮಾಡುವವರ ಕೇರಿಯಿಂದ ಮಾತ್ರ ಒಂದು ನರಪಿಳ್ಳೆಯೂ ಬಂದಿಲ್ಲ. ಪರರಾಜನಿಂದ ಅವರಿಗೂ ಬಿಡುಗಡೆ ಸಿಕ್ಕಿತಲ್ಲ, ಅಷ್ಟಾದರೂ ಉಪಕಾರಸ್ಮರಣೆ ಬೇಡವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳಿಗೆ ಸಿಟ್ಟು ನೆತ್ತಿಗೇರಿತು. “ಯಾರು ಯಾರ ಉಪಕಾರ ನೆನೆಯಬೇಕೋ? ಕೂತು ಕೇಳು,” ಎಂದರು.

ಪರರಾಜನ ಮೇಲೆ ನಾಡು ದಂಗೆ ಎದ್ದ ಕಾಲ. ದಂಗೆಯ ದಂಡಿನ ನಾಯಕನೊಬ್ಬ ಸೋತು, ಅಡಗಲು ಜಾಗ ಹುಡುಕುತ್ತ ಬಂದ. ಹಗಲೆಲ್ಲ ನಾಡು, ನುಡಿ, ಮಾನ ಎಂದು ಮಾತಾಡುತ್ತಿದ್ದ ದೊಡ್ಡ ಮನೆಗಳು ಬಾಗಿಲು ಹಾಕಿಕೊಂಡವು. ಆ ಕೇರಿಯ ಹುಲಿಗೆವ್ವ ಎಂಬ ವಿಧವೆ ಅವನನ್ನು ಒಳಗೆ ಕರೆದಳು. ತೊಗಲು ನೆನೆಹಾಕುವ ಬಾನಿಗಳ ಹಿಂದೆ ಬಚ್ಚಿಟ್ಟಳು. ಆ ನಾತಕ್ಕೆ ಸಿಪಾಯಿಗಳು ಅತ್ತ ಸುಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮಳೆಗಾಲ ಮುಗಿಯುವ ತನಕ ತಾಯಿ ಮಗಳು ಅರೆಹೊಟ್ಟೆಯಲ್ಲಿದ್ದು ಅವನಿಗೆ ಅಂಬಲಿ ಕಾಯಿಸಿ ಹಾಕಿದರು. ಅವನು ಗಟಗಟ ಕುಡಿದು, ‘ಅವ್ವಾ, ನೀನೇ ನನ್ನ ಹಡೆದವಳು’ ಎಂದ.

ಅವನು ತಾನು ಹೋಗುವ ಜಾಗವನ್ನು ಹುಲಿಗೆವ್ವನಿಗೆ ಮಾತ್ರ ಹೇಳಿ ಹೊಸ ದಂಡು ಕಟ್ಟಲು ಹೋದ ಮೇಲೆ, ಅವಳು ಆಸರೆ ಕೊಟ್ಟ ಸುದ್ದಿ ಬಯಲಾಯಿತು. ಸಿಪಾಯಿಗಳು ಬಂದು, ನಾಯಕ ಎಲ್ಲಿ ಎಂದು ಹುಲಿಗೆವ್ವನನ್ನು ಬಡಿದರು. ಅವಳು ಬಾಯಿ ಬಿಡಲಿಲ್ಲ. ಮಗಳನ್ನು ಜಡೆ ಹಿಡಿದು ಕೋಟೆಗೆ ಎಳೆದೊಯ್ದರು. ಆಗಲೂ ಬಿಡಲಿಲ್ಲ.

ಕೊನೆಗೆ ನಾಯಕ ಗೆದ್ದ. ಶತ್ರುಗಳು ಸೆರೆಹಿಡಿದ ಹೆಂಗಸರನ್ನೂ ಎಳೆದುಕೊಂಡು ಕೋಟೆ ಬಿಟ್ಟು ಓಡಿದರು. ಗಡಿ ಇನ್ನೂ ದೂರವಿತ್ತು. ಕುದುರೆ ಅಟ್ಟಿದರೆ ಸಂಜೆಯೊಳಗೆ ಕೈಗೆ ಸಿಗುತ್ತಿದ್ದರು. ಹುಲಿಗೆವ್ವ ಎದ್ದೆನೋ ಬಿದ್ದೆನೋ ಎಂದು ಊರಬಾಗಿಲಿಗೆ ಓಡಿದಳು.

ಕಾವಲಿನವನು ಅಡ್ಡ ನಿಂತ. ‘ಒಳಗೆ ಕಾಲಿಡಬೇಡ. ನಾಯಕರಿಗೆ ಪ್ರಾಯಶ್ಚಿತ್ತ ನಡೆಯುತ್ತಿದೆ. ನಿಮ್ಮ ಕೇರಿಯ ಅಂಬಲಿ ಕುಡಿದ ದೋಷ ಕಳೆಯದೆ ಪಟ್ಟ ಕಟ್ಟುವುದಿಲ್ಲವಂತೆ.’

ಅವಳ ಕೂಗು ಕೇಳಿ ನಾಯಕ ಒದ್ದೆ ಮೈಯಲ್ಲೇ ಹೊರಗೆ ಬಂದ. ಬಂದು, ದೂರ ನಿಂತ. ಅಬ್ಬಬ್ಬಾ, ಏನು ನಯ, ಏನು ವಿನಯ! ‘ಅವ್ವಾ, ನಿನ್ನ ಋಣ ಮರೆತಿಲ್ಲ. ಆದರೆ ಈಗಲೇ ನಿನ್ನ ಕೆಲಸಕ್ಕೆ ಕುದುರೆ ಕಳಿಸಿದರೆ ಊರ ಹಿರಿಯರು ಏನೆಂದಾರು? ಶುದ್ಧಿಯೊಂದು ಮುಗಿಯಲಿ, ನೋಡೋಣ.’

‘ಹಸಿದಾಗ ಊರ ಹಿರಿಯರನ್ನು ಕೇಳಿ ಉಂಡೆಯೇನೋ?’ ಹುಲಿಗೆವ್ವ ಕಿರುಚಿದಳು. ‘ನೀನಿದ್ದ ಜಾಗ ಹೇಳಿದ್ದರೆ ನನ್ನ ಮಗಳು ಮನೆಯಲ್ಲಿರುತ್ತಿದ್ದಳು. ನಿನ್ನ ಶುದ್ಧಿಗೆ ಬೆಂಕಿ ಹಾಕ!’

ನಾಯಕ ತಲೆ ತಗ್ಗಿಸಿದ. ಆದರೆ ಒಳಗೇ ಹೋದ. ಮಂತ್ರ ಮತ್ತೆ ಶುರುವಾಯಿತು. ಹುಲಿಗೆವ್ವ ಆ ಬಾಗಿಲಿಗೆ ಹಿಡಿ ಮಣ್ಣು ತೂರಿ, ಗಡಿಯ ದಾರಿ ಹಿಡಿದು ಒಬ್ಬಳೇ ಓಡಿದಳು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆಮೇಲೆ? ಮಗಳು ಸಿಕ್ಕಳೇ?”

“ವರ್ಷವರ್ಷವೂ ಉತ್ಸವ ಮಾಡುವ ನೀವು, ಒಬ್ಬರಾದರೂ ಆ ಕೇರಿಗೆ ಹೋಗಿ ಅದನ್ನು ಕೇಳಿದಿರಾ?”